ಜನರೇಟರ್ ಕಡಿಮೆ ಓಡಿದೆ ಅಂತ ನಂಬಿ ಹಳೇ ಮೋಟರ್‌ಹೋಮ್ ಕೊಂಡೆವು

ಊರಿಂದ ಬಂದ ಅಪ್ಪ ಅಮ್ಮನನ್ನು ಅಮೆರಿಕದಲ್ಲಿ ಮೋಟರ್‌ಹೋಮ್‌ನಲ್ಲಿ (ಒಳಗೇ ಮಲಗಲು ಜಾಗವಿರುವ, ಚಲಿಸುವ ಮನೆಯಂಥ ಗಾಡಿ) ಸುತ್ತಾಡಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ನಮಗಾದದ್ದು ಇನ್ಯಾರಿಗೂ ಆಗಬಾರದು.

ನಾವು ಕೊಂಡದ್ದು ಹನ್ನೆರಡು ವರ್ಷ ಹಳೆಯ ಗಾಡಿ. ಅದರ 4000 ವ್ಯಾಟ್ ಪೆಟ್ರೋಲ್ ಜನರೇಟರ್‌ನ ಮೀಟರ್ ಬರೀ 140 ಗಂಟೆ ತೋರಿಸುತ್ತಿತ್ತು. "ಬಳಸೇ ಇಲ್ಲ, ಹೊಸದರ ಹಾಗಿದೆ" ಅಂದರು ಮಾರಿದವರು. ನನಗೂ ಖುಷಿಯಾಯಿತು. ಎರಡು ನಿಮಿಷ ಓಡಿಸಿ ತೋರಿಸಿದರು, ಒಪ್ಪಿಕೊಂಡೆ. ಆಮೇಲೆ ಐದು ತಿಂಗಳು ಗಾಡಿ ಮನೆ ಮುಂದೆ ನಿಂತೇ ಇತ್ತು.

ಫರ್ನೇಸ್ ಕ್ರೀಕ್ ಹತ್ತಿರದ ಕ್ಯಾಂಪಿನಲ್ಲಿ ಕರೆಂಟ್ ಕನೆಕ್ಷನ್ ಇರಲಿಲ್ಲ. ಹೊರಗೆ 38 ಡಿಗ್ರಿ ಬಿಸಿಲು. ಜನರೇಟರ್ ಸ್ಟಾರ್ಟ್ ಆಯಿತು, ಆದರೆ ಸದ್ದು ಒಂದೇ ಸಮನೆ ಏರುತ್ತಿತ್ತು, ಇಳಿಯುತ್ತಿತ್ತು. ಎಸಿ ಹಾಕಿದ ಕೂಡಲೇ ಆಫ್. ಏಳು ಸಲ ಪ್ರಯತ್ನಿಸಿದೆ. ಒಳಗೆ ಕಾದ ಹೆಂಚಿನಂಥ ಸೆಕೆ. ಅಪ್ಪನಿಗೆ 71 ವರ್ಷ, ಬಿಪಿ ಇದೆ. ಮುಖ ಕೆಂಪೇರಿ ಮಾತು ಕಡಿಮೆಯಾದಾಗ ನನ್ನ ಕೈಕಾಲು ನಡುಗಿದವು. ಅಲ್ಲಿನ ವಿಸಿಟರ್ ಸೆಂಟರ್‌ನ ತಂಪಿನಲ್ಲಿ ಕೂರಿಸಿ, ಒದ್ದೆ ಬಟ್ಟೆ ಹಾಕಿ, ನೀರು ಕುಡಿಸಿ, ಸಂಜೆ ಹೊರಟು ನೆವಾಡಾದ ಪಹ್ರಂಪ್ ಸೇರಿದೆವು.

ಮರುದಿನ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿದಾಗ ಒಳಗೆ ಕಂದು ಅಂಟು. ಎಥನಾಲ್ ಬೆರೆತ ಪೆಟ್ರೋಲ್ ನಿಂತಲ್ಲೇ ಹಳಸಿ, ಪೆಟ್ರೋಲ್ ಹೋಗುವ ಸಣ್ಣ ತೂತುಗಳನ್ನು (ಜೆಟ್) ಮುಚ್ಚಿಬಿಟ್ಟಿತ್ತು. "ನನ್ನ ಲೂನಾನ ಮಳೆಗಾಲ ಪೂರ್ತಿ ನಿಲ್ಲಿಸಿದ್ರೆ ಹೀಗೇ ಆಗ್ತಿತ್ತು ಕಣೋ" ಅಂದರು ಅಪ್ಪ. ನಮ್ಮ ಜನರೇಟರ್ ಓಡಿ ಕೆಟ್ಟದ್ದಲ್ಲ, ಕೂತು ಕೆಟ್ಟದ್ದು.

ಆದರೆ ನಾನು ಇಷ್ಟು ಬರೆಯುತ್ತಿರುವುದು ಅದಕ್ಕಲ್ಲ. ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ನನ್ನನ್ನೂ ಕರೆದು ತೋರಿಸಿದರು: ಜನರೇಟರ್‌ನ ಹೊಗೆ ಪೈಪಿನ ಕ್ಲಾಂಪ್ ತುಕ್ಕು ಹಿಡಿದು ತುಂಡಾಗಿತ್ತು. ಹೊಗೆ ಪಕ್ಕಕ್ಕೆ ಹೋಗದೆ ನೇರವಾಗಿ ಅಪ್ಪ ಅಮ್ಮ ಮಲಗುವ ಹಾಸಿಗೆಯ ಕೆಳಗೇ ಬರುತ್ತಿತ್ತು. ಅಲ್ಲಿ ವೈರ್‌ಗೆಂದು ಕೊರೆದ ತೂತು ಬೇರೆ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುವ ವಿಷಾನಿಲ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆ ಹಚ್ಚಬೇಕಾದ ಗೋಡೆಯ ಅಲಾರಂ ಹಸಿರು ದೀಪ ತೋರಿಸುತ್ತಿತ್ತು. ಟೆಸ್ಟ್ ಬಟನ್ ಒತ್ತಿದರೆ ಕೂಗುತ್ತಿತ್ತು ಕೂಡ. ತಿರುಗಿಸಿ ನೋಡಿದರೆ ತಯಾರಾಗಿ 11 ವರ್ಷ ಆಗಿತ್ತು. ಇಂಥ ಅಲಾರಂಗಳ ಆಯಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ಬಟನ್ ಒತ್ತಿದಾಗ ಗೊತ್ತಾಗುವುದು ಸದ್ದು ಬರುತ್ತದೆ ಅನ್ನುವುದಷ್ಟೇ. ಸೆನ್ಸರ್ ಸತ್ತಿದೆಯೋ ಬದುಕಿದೆಯೋ ಅದರಿಂದ ತಿಳಿಯುವುದಿಲ್ಲ.

ಆ ಮಧ್ಯಾಹ್ನ ಜನರೇಟರ್ ಸರಿಯಾಗಿ ಓಡಿದ್ದರೆ ನಾವು ಕಿಟಕಿ ಮುಚ್ಚಿ, ಎಸಿ ಹಾಕಿ, ಅಪ್ಪನನ್ನು ಅದೇ ಹಾಸಿಗೆಯಲ್ಲಿ ಮಲಗಿಸುತ್ತಿದ್ದೆವು. ಈಗಲೂ ರಾತ್ರಿ ನೆನಪಾದರೆ ನಿದ್ದೆ ಬರುವುದಿಲ್ಲ.

ಈಗ ತಿಂಗಳಿಗೊಮ್ಮೆ ಎರಡು ಗಂಟೆ ಜನರೇಟರ್ ಓಡಿಸುತ್ತೇನೆ, ಅದೂ ಅರ್ಧ ಲೋಡ್ ಬೀಳುವ ಹಾಗೆ ಎಸಿ ಹಾಕಿಯೇ. ಖಾಲಿ ಓಡಿಸಿದರೆ ಬಿಸಿ ಸಾಲದೆ ಒಳಗಿನ ತೇವ ಆರುವುದಿಲ್ಲ. ನಿಲ್ಲಿಸುವ ಮೊದಲು ಎಸಿ ತೆಗೆದು ಎರಡು ಮೂರು ನಿಮಿಷ ತಣಿಯಲು ಬಿಡುತ್ತೇನೆ. ನಮ್ಮ ಮಾಡೆಲ್‌ಗೆ ಆಯಿಲ್ ಬದಲಾಯಿಸಬೇಕಾದ್ದು 150 ಗಂಟೆಗೆ, ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ. "140 ಗಂಟೆಯೇ ಆಗಿರುವುದು" ಅಂತ ಹಿಂದಿನವರು ಒಮ್ಮೆಯೂ ಬದಲಾಯಿಸಿರಲಿಲ್ಲ ಅನಿಸುತ್ತದೆ, ಇಳಿಸಿದಾಗ ಡಾಂಬರಿನಂತಿತ್ತು. ಚಳಿಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಹಳಸದಂತೆ ತಡೆಯುವ ದ್ರವ) ಹಾಕಿ, ಅದು ಕಾರ್ಬುರೇಟರ್ ತಲುಪುವ ತನಕ ಓಡಿಸಬೇಕು. ಹಾಕಿ ಸುಮ್ಮನಾದರೆ ಉಪಯೋಗವಿಲ್ಲ. (ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ನಿಂತರೆ ಗಾಬರಿಯಾಗಬೇಡಿ. ಗಾಡಿ ಓಡಿಸಲು ಪೆಟ್ರೋಲ್ ಉಳಿಯಲಿ ಅಂತ ಅದೇ ಟ್ಯಾಂಕಿನಿಂದ ಜನರೇಟರ್‌ಗೆ ಹೋಗುವ ಪೈಪನ್ನೇ ಎತ್ತರದಲ್ಲಿ ಇಟ್ಟಿರುತ್ತಾರೆ.)

ಹಳೇ ಗಾಡಿ ನೋಡಲು ಹೋದಾಗ ಕೆಳಗೆ ಬಗ್ಗಿ ಹೊಗೆ ಪೈಪ್ ನೋಡಿ. ಅಲಾರಂ ತಿರುಗಿಸಿ ತಾರೀಖು ಓದಿ, ಹಳೆಯದಾಗಿದ್ದರೆ ಮೊದಲ ರಾತ್ರಿ ಮಲಗುವ ಮೊದಲೇ ಹೊಸದು ಹಾಕಿ. ಕಿಟಕಿ ಬಾಗಿಲು ತೆರೆದಿಟ್ಟು, ಎಸಿ ಹಾಕಿ ಅರ್ಧ ಗಂಟೆ ಜನರೇಟರ್ ಓಡಿಸಿ ತೋರಿಸಿ ಅಂತ ಕೇಳಿ. ಅದಕ್ಕೆ ಮಾಲೀಕರು ಒಪ್ಪದಿದ್ದರೆ ಆ ಗಾಡಿ ಬಿಟ್ಟು ಬನ್ನಿ.