ತೈಶಾನ್ ರೋಪ್‌ವೇ: ಇಳಿಯುವಾಗ ಬಳಸಿ

ಚೀನಾದ ಐದು ಪವಿತ್ರ ಪರ್ವತಗಳಲ್ಲಿ ಮೊದಲ ಮರ್ಯಾದೆ ಶಾಂಡೊಂಗ್ ಪ್ರಾಂತ್ಯದ ತೈಶಾನ್‌ಗೆ. ಬೆಟ್ಟದ ನಡುವಿನ ಝೊಂಗ್‌ತ್ಯೆನ್‌ಮೆನ್‌ನಿಂದ ತುದಿಯ ಹತ್ತಿರದ ನಾನ್‌ತ್ಯೆನ್‌ಮೆನ್ ದ್ವಾರದ ಪಕ್ಕಕ್ಕೆ 1983ರಿಂದಲೂ ರೋಪ್‌ವೇ ಇದೆ. ಎರಡು ಕಿಲೋಮೀಟರ್ ಚಿಲ್ಲರೆ ದೂರ, ಸುಮಾರು 600 ಮೀಟರ್ ಏರಿಕೆ, ಹತ್ತು ಹನ್ನೆರಡು ನಿಮಿಷದ ಪಯಣ. ಸೇವೆ ಅಚ್ಚುಕಟ್ಟಾಗಿದೆ, ಮುಚ್ಚಿದ ಕ್ಯಾಬಿನ್‌ಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ತಕರಾರು ಇರುವುದು ಅದನ್ನು ಬಳಸುವ ರೀತಿಯ ಬಗ್ಗೆ. ಬುಡದ ತೈಆನ್ ಊರಿನಿಂದ ಝೊಂಗ್‌ತ್ಯೆನ್‌ಮೆನ್‌ಗೆ ಬಸ್ಸು, ಅಲ್ಲಿಂದ ಮೇಲಕ್ಕೆ ರೋಪ್‌ವೇ ಹಿಡಿದರೆ ತುದಿ ಬೇಗ ಸಿಗುತ್ತದೆ. ಈ ಬೆಟ್ಟವನ್ನು ಏಕೆ ಪೂಜಿಸುತ್ತಾರೆ ಎಂಬುದು ಮಾತ್ರ ಕಾಣದೇ ಹೋಗುತ್ತದೆ.

ತೈಶಾನ್ ಪೂಜೆಗೆ ಒಂದು ಕ್ರಮವಿದೆ. ಕ್ರಿ.ಪೂ. 219ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಬಂದಾಗಿನಿಂದ 1008ರಲ್ಲಿ ಸೊಂಗ್ ವಂಶದ ಝೆನ್‌ಝೊಂಗ್‌ವರೆಗೆ ಈ ಮಹಾಪೂಜೆ ನಡೆಸಿದ ಚಕ್ರವರ್ತಿಗಳು ತುದಿಯಲ್ಲಿ ಆಕಾಶಕ್ಕೆ, ಬುಡದ ಕಿರುಗುಡ್ಡದಲ್ಲಿ ಭೂಮಿಗೆ ಪೂಜೆ ಸಲ್ಲಿಸುತ್ತಿದ್ದರು. ಬುಡ, ತುದಿ ಎರಡೂ ಈ ಪೂಜೆಯ ಭಾಗ. ಹಾಗಾಗಿ ಊರಿನೊಳಗಿನ ದೈ ಮಿಯಾವ್ ದೇವಾಲಯ ನೋಡಿಕೊಂಡು, ಹೊಂಗ್‌ಮೆನ್ ದ್ವಾರದಿಂದ ನಡೆಯಲು ಶುರುಮಾಡಿ. ಝೊಂಗ್‌ತ್ಯೆನ್‌ಮೆನ್‌ಗೆ ಎರಡು, ಎರಡೂವರೆ ಗಂಟೆ ಸಾಕು.

ಈ ಹಾದಿಯಲ್ಲಿ ತಪ್ಪಿಸಿಕೊಳ್ಳಬಾರದ ಜಾಗ ಸೂತ್ರಬಂಡೆಯ ಕಣಿವೆ. ದೋಮು ಗುಡಿ ದಾಟಿದ ಮೇಲೆ ಬಲಕ್ಕೆ ಒಡೆಯುವ ಕವಲುದಾರಿ ಹಿಡಿಯಬೇಕು. ನೇರ ಮೆಟ್ಟಿಲೇರುವ ಆತುರದಲ್ಲಿ ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಇಳಿಜಾರಾದ ವಿಶಾಲ ಹಾಸುಬಂಡೆಯ ಮೇಲೆ ಆರನೆಯ ಶತಮಾನದಲ್ಲಿ ವಜ್ರಚ್ಛೇದಿಕಾ ಸೂತ್ರ ಎಂಬ ಬೌದ್ಧ ಗ್ರಂಥವನ್ನು ಕೆತ್ತಿದ್ದಾರೆ. ಒಂದೊಂದು ಅಕ್ಷರವೂ ಸುಮಾರು ಅರ್ಧ ಮೀಟರ್. ನೀರು ಹರಿದು ಸವೆದು ಈಗ ಸಾವಿರದಷ್ಟು ಮಾತ್ರ ಉಳಿದಿವೆ. ಉಳಿದವುಗಳ ದುಂಡನೆಯ, ಸಾವಧಾನದ ಗೀರು ನೋಡಿದರೆ ಚೀನೀ ಲಿಪಿಕಾರರು ಇದಕ್ಕೇಕೆ ಮನಸೋತರೆಂದು ತಿಳಿಯುತ್ತದೆ. ಬಸ್ಸಿನ ರಸ್ತೆ ಇತ್ತ ಸುಳಿಯುವುದೇ ಇಲ್ಲ.

ಝೊಂಗ್‌ತ್ಯೆನ್‌ಮೆನ್‌ನಲ್ಲಿ ಕಾಲು ಸೋತಿದ್ದರೆ ರೋಪ್‌ವೇ ಹತ್ತಿ, ತಪ್ಪಿಲ್ಲ. ಶಕ್ತಿಯಿದ್ದರೆ ಮಾತ್ರ ನಡೆಯಿರಿ, ಏಕೆಂದರೆ ಕೊನೆಗೆ ಬರುವ ‘ಹದಿನೆಂಟು ತಿರುವು’ ಕಡಿದಾಗಿದೆ: ಒಂದು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ 1,600ಕ್ಕೂ ಹೆಚ್ಚು ಮೆಟ್ಟಿಲು, 400 ಮೀಟರ್ ಏರಿಕೆ. ಮೆಟ್ಟಿಲು ಕಿರಿದು, ಪಾದ ಪೂರ್ತಿ ಕೂರುವುದಿಲ್ಲ. ಹತ್ತುವಾಗ ಉಸಿರು ಕಟ್ಟಿದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಇಡೀ ಭಾರ ಮಂಡಿಯ ಮೇಲೆ ಬೀಳುತ್ತದೆ, ತೊಡೆ ನಡುಗಲು ಶುರುವಾದರೆ ಹೆಜ್ಜೆ ತಪ್ಪುತ್ತದೆ. ರೋಪ್‌ವೇ ಟಿಕೆಟ್‌ಗೆ ಕೊಡುವ ಹಣ ಸಾರ್ಥಕವಾಗುವುದು ಇಲ್ಲಿಯೇ. ಬೆಟ್ಟದ ಪ್ರವೇಶ ಟಿಕೆಟ್‌ನಲ್ಲಿ ಇದು ಸೇರಿಲ್ಲ, ಬೇರೆಯೇ ಕೊಳ್ಳಬೇಕು. ಪಾಸ್‌ಪೋರ್ಟ್ ಕೈಯಲ್ಲಿರಲಿ.

ರೋಪ್‌ವೇಯ ದೊಡ್ಡ ಮಿತಿ ಹವಾಮಾನ. ಜೋರು ಗಾಳಿ, ಸಿಡಿಲಿದ್ದರೆ ನಿಲ್ಲಿಸಿಬಿಡುತ್ತಾರೆ. ಆಗ ನಡೆದೇ ಇಳಿಯಬೇಕು, ಆದ್ದರಿಂದ ನೀರು, ಟಾರ್ಚ್, ಹಿಡಿತವಿರುವ ಶೂ ಇಲ್ಲದೆ ಹೋಗಬೇಡಿ. ರಾತ್ರಿಯೂ ಓಡುವುದಿಲ್ಲ. ಕತ್ತಲಲ್ಲೇ ಹತ್ತಿ ಸೂರ್ಯೋದಯ ನೋಡಿದವರೆಲ್ಲ ಬೆಳಿಗ್ಗೆ ಒಟ್ಟಿಗೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಆ ಹೊತ್ತನ್ನು ಮೇಲೆಯೇ ಕಳೆಯಿರಿ. ಬಿಶಿಯಾ ದೇವಿಯ ಗುಡಿಗೆ ಹೋಗಿ. ಮಕ್ಕಳ ಭಾಗ್ಯ ಬೇಡಿ ಬರುವ ಹೆಂಗಸರಿಗೆ ಈಕೆಯೇ ಬೆಟ್ಟದ ಮುಖ್ಯ ದೈವ. ಗುಡಿಯ ಮುಖ್ಯ ಮಂಟಪಕ್ಕೆ ಹೊದಿಸಿರುವುದು ಕಂಚಿನ ಹೆಂಚು. ತುಸು ಮೇಲೆ ಟಾಂಗ್ ಚಕ್ರವರ್ತಿ ಶುವಾನ್‌ಝೊಂಗ್ 726ರಲ್ಲಿ ಕೆತ್ತಿಸಿದ, ಬಂಗಾರ ಬಣ್ಣ ತುಂಬಿದ ಬಂಡೆ ಶಾಸನವಿದೆ.

ಇಳಿಯುವ ಮುನ್ನ ಬೋರ್ಡ್ ಸರಿಯಾಗಿ ಓದಿ. ತುದಿಯಿಂದ ತಾವ್‌ಹುವಾಯುವಾನ್ ಕಡೆಗೂ ಒಂದು ರೋಪ್‌ವೇ ಇದೆ. ಅದು ಬೆಟ್ಟದ ಪಶ್ಚಿಮಕ್ಕೆ, ಊರಿಂದ ದೂರ ಇಳಿಸುತ್ತದೆ. ಲಗೇಜು ಹೊಂಗ್‌ಮೆನ್ ಹತ್ತಿರದ ಹೋಟೆಲಿನಲ್ಲಿದ್ದರೆ ಝೊಂಗ್‌ತ್ಯೆನ್‌ಮೆನ್‌ಗೇ ಇಳಿದು ಬಸ್ಸು ಹಿಡಿಯಿರಿ.