ಎಡಿಎಚ್‌ಡಿ ಇರುವ ಮಗುವಿನ ನಿದ್ದೆ: ದಿನಚರಿಯೋ, ಮೆಲಟೋನಿನ್ನೋ?

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ನಿದ್ದೆ ಹತ್ತದಿದ್ದರೆ ಎದುರಿಗಿರುವ ದಾರಿ ಎರಡು: ಮಲಗುವ ದಿನಚರಿ, ಇಲ್ಲವೇ ನಿದ್ದೆಯ ಹಾರ್ಮೋನಾದ ಮೆಲಟೋನಿನ್. ಇವೆರಡನ್ನು ತೂಗಿ ನೋಡುವ ಮುಂಚೆ ಎಡಿಎಚ್‌ಡಿ ಮಾತ್ರೆಯ ಹೊತ್ತು ಗಮನಿಸಿ. ದೀರ್ಘಾವಧಿಯ ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ 8ರಿಂದ 12 ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ 10ಕ್ಕೆ ನುಂಗಿದ್ದು ರಾತ್ರಿ 9ಕ್ಕೂ ಉಳಿದಿರಬಹುದು. ಮಗು ಗೊರಕೆ ಹೊಡೆಯುತ್ತಿದ್ದರೆ, ಕಾಲು ಒಂದೆಡೆ ನಿಲ್ಲದೆ ಒದ್ದಾಡುತ್ತಿದ್ದರೆ ಎರಡೂ ಸಾಲವು. ಉಸಿರಾಟವನ್ನೂ ರಕ್ತದ ಫೆರಿಟಿನ್ (ದೇಹದ ಕಬ್ಬಿಣಾಂಶದ ಸಂಗ್ರಹ ತೋರಿಸುವ ಪ್ರೋಟೀನ್) ಮಟ್ಟವನ್ನೂ ವೈದ್ಯರು ನೋಡಬೇಕು.

ದಿನಚರಿಯ ದಾರಿ ನಿಧಾನ, ಆದರೆ ಫಲ ಉಳಿಯುತ್ತದೆ. ಮಗುವಿಗೆ ನಿಜವಾಗಿ ನಿದ್ದೆ ಹತ್ತುವುದು 10:30ಕ್ಕೆ ಎಂದಾದರೆ 9ಕ್ಕೇ ಮಲಗಿಸಿ ಜಗಳವಾಡಬೇಡಿ. 10:30ಕ್ಕೇ ಮಲಗಿಸಿ, 6:30ಕ್ಕೆ ಎಬ್ಬಿಸಿ. 20 ನಿಮಿಷದೊಳಗೆ ನಿದ್ದೆ ಬರತೊಡಗಿದ ಮೇಲೆ ಕೆಲವು ರಾತ್ರಿಗೊಮ್ಮೆ ಮಲಗಿಸುವ ಹೊತ್ತನ್ನು 15 ನಿಮಿಷ ಬೇಗ ಮಾಡಿ. ಇದು ಕೆಡುವುದು ಹೆಚ್ಚಾಗಿ ಭಾನುವಾರ: 9ರವರೆಗೆ ಮಲಗಲು ಬಿಟ್ಟರೆ ಆ ರಾತ್ರಿ ನಿದ್ದೆ ಮತ್ತೆ ತಡವಾಗುತ್ತದೆ. ಬಾಯಲ್ಲಿ ಹೇಳಿದ ಕ್ರಮ ಈ ಮಕ್ಕಳಿಗೆ ಜಾರಿಹೋಗುತ್ತದೆ; ಹಲ್ಲುಜ್ಜು, ಬಟ್ಟೆ ಬದಲಿಸು, ಕತೆ, ದೀಪ ಆರಿಸು ಎಂಬ ನಾಲ್ಕು ಚಿತ್ರಗಳನ್ನು ಗೋಡೆಗೆ ಅಂಟಿಸಿ.

ಮೆಲಟೋನಿನ್ ಬೇಗ ಫಲ ಕೊಡುತ್ತದೆ, ಆದರೆ ಮುಖ್ಯವಾಗಿ ನಿದ್ದೆ ಹತ್ತಿಸಲು. ನಡುರಾತ್ರಿಯ ಎಚ್ಚರಕ್ಕೆ ಅಷ್ಟಾಗಿ ಅಲ್ಲ. ವೈದ್ಯರು ಸಾಮಾನ್ಯವಾಗಿ 1 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಿಂದ, ಮಲಗುವ 30ರಿಂದ 60 ನಿಮಿಷ ಮುಂಚೆ ಕೊಡಿಸುತ್ತಾರೆ. ಕೊಟ್ಟ ಮೇಲೂ ಮೊಬೈಲ್ ಕೈಯಲ್ಲಿದ್ದರೆ ಬೆಳಕು ಅದರ ಕೆಲಸ ಕೆಡಿಸುತ್ತದೆ. ಆಗ ಡೋಸ್ ಏರಿಸುವುದು ತಪ್ಪು. ಬೆಳಗಿನ ಮಂಪರು, ತಲೆನೋವು ಬರಬಹುದು. ಮೆಲಟೋನಿನ್ ಗಮ್ಮಿಗಳಲ್ಲಿ (ಜಗಿಯುವ ಮಿಠಾಯಿಯಂಥವು) ಲೇಬಲ್‌ನಲ್ಲಿ ಬರೆದಷ್ಟೇ ಪ್ರಮಾಣ ಇರುತ್ತದೆಂಬ ಖಾತ್ರಿಯಿಲ್ಲ.

ನಮ್ಮ ಆಯ್ಕೆ ದಿನಚರಿಯೇ ಮೊದಲು, ಮೂರ್ನಾಲ್ಕು ವಾರ. ಮನೆಯವರೆಲ್ಲ ಸೋತು ಹೋಗಿದ್ದರೆ ವೈದ್ಯರನ್ನು ಕೇಳಿ ಎರಡನ್ನೂ ಒಟ್ಟಿಗೆ ಶುರುಮಾಡಬಹುದು, ದಿನಚರಿ ಬಿಡದೆ.