ನಗರಗಳ ಅಟ್ಲಾಸ್: ನಕ್ಷೆ ನಂಬಿ, ಪಟ್ಟಿ ನಂಬಬೇಡಿ

ಜಗತ್ತಿನ ದೊಡ್ಡ ನಗರಗಳ ನೆಲ, ಜನ, ಇತಿಹಾಸ ಎಲ್ಲ ಒಂದೇ ಕಡೆ ಸಿಗಲಿ ಅಂತ ಈ ಅಟ್ಲಾಸ್ ತರಿಸಿ ಎರಡು ತಿಂಗಳಾಯಿತು. ದಿನಾ ಒಂದಿಲ್ಲೊಂದು ಪುಟ ತಿರುಗಿಸುತ್ತಲೇ ಇದ್ದೇವೆ. ನಕ್ಷೆಗಳು ನಿಜಕ್ಕೂ ಸೊಗಸಾಗಿವೆ. ಕೊನೆಯಲ್ಲಿರುವ ಜನಸಂಖ್ಯೆ ಪಟ್ಟಿ ಮಾತ್ರ ದಾರಿ ತಪ್ಪಿಸುತ್ತದೆ.

ನನ್ನ ಮಗಳು ಆ ಪಟ್ಟಿ ನೋಡಿ ಟೋಕಿಯೊಗಿಂತ ಚೀನಾದ ಚೋಂಗ್‌ಚಿಂಗ್ ಎರಡು ಪಟ್ಟು ದೊಡ್ಡ ನಗರ ಅಂದಳು. ಪಟ್ಟಿಯಲ್ಲಿ ಇರುವುದೂ ಹಾಗೇ. ಚೋಂಗ್‌ಚಿಂಗ್‌ಗೆ 3.2 ಕೋಟಿ, ಟೋಕಿಯೊಗೆ 1.4 ಕೋಟಿ. ಎರಡೂ ಸುಳ್ಳಲ್ಲ. ಆದರೆ ಚೋಂಗ್‌ಚಿಂಗ್ ಆಡಳಿತದ ಗಡಿಯೊಳಗೆ ಸುಮಾರು 82,000 ಚದರ ಕಿ.ಮೀ. ನೆಲ ಇದೆ, ಹೆಚ್ಚುಕಡಿಮೆ ಆಸ್ಟ್ರಿಯಾ ದೇಶದಷ್ಟು, ಅದರಲ್ಲಿ ಬೆಟ್ಟ, ಹೊಲ, ಹಳ್ಳಿ ಎಲ್ಲವೂ ಸೇರಿವೆ. ಟೋಕಿಯೊದ್ದು ಅದಕ್ಕೆ ಉಲ್ಟಾ: ಮನೆಗಳ ಸಾಲು ಆಡಳಿತದ ಗಡಿ ದಾಟಿ ಯೊಕೊಹಾಮಾವರೆಗೂ ಮುರಿಯದೆ ಹೋಗುತ್ತದೆ, ಅದನ್ನೆಲ್ಲ ಸೇರಿಸಿದರೆ 3.5 ಕೋಟಿ ಮೀರುತ್ತದೆ. ಪ್ಯಾರಿಸ್ ಎದುರು 21 ಲಕ್ಷ ಅಂತಿದೆ. ಅದು ಬರೀ 105 ಚದರ ಕಿ.ಮೀ.ಯ ನಡು ಊರು, ಸುತ್ತಲಿನ ಪ್ರದೇಶ ಸೇರಿದರೆ 1.2 ಕೋಟಿ. ಒಂದು ಕಡೆ ದೇಶದಷ್ಟು ನೆಲ, ಇನ್ನೊಂದು ಕಡೆ ಊರಿನ ನಡುಭಾಗ, ಎರಡನ್ನೂ ಒಂದರ ಕೆಳಗೊಂದು ಬರೆದು ಒಂದು, ಎರಡು ಅಂತ ಸ್ಥಾನ ಕೊಟ್ಟರೆ ಹೇಗೆ? ಪಕ್ಕದಲ್ಲಿ ವಿಸ್ತೀರ್ಣ ಹಾಕಿದ್ದರೆ ಸಾಕಿತ್ತು.

ಬೇಜಾರಾಗುವುದು ಏಕೆಂದರೆ, ಇದೇ ಪುಸ್ತಕದ ಜನಸಾಂದ್ರತೆ ನಕ್ಷೆ ಸರಿಯಾಗಿದೆ. ಟೋಕಿಯೊ ಸುತ್ತ ಕೆಂಪು ಬಣ್ಣ ಅಗಲವಾಗಿ ಹರಡಿದೆ, ಚೋಂಗ್‌ಚಿಂಗ್‌ನಲ್ಲಿ ಗಾಢ ಕೆಂಪು ನಡುವಿನಲ್ಲಷ್ಟೇ ಇದೆ. ಮಗಳಿಗೆ ಅದನ್ನು ತೋರಿಸಿದೆ, ಥಟ್ಟನೆ ಅರ್ಥವಾಯಿತು.

ಇತಿಹಾಸದ ಪುಟಗಳಿಗಾಗಿಯೇ ಈ ಪುಸ್ತಕ ಕೊಳ್ಳಬಹುದು. ಮೆಕ್ಸಿಕೊ ಸಿಟಿಯ ಈಗಿನ ನಕ್ಷೆಯ ಮೇಲೆ ಒಂದು ಪಾರದರ್ಶಕ ಹಾಳೆ ಇದೆ, ಅದರಲ್ಲಿ 1521ಕ್ಕಿಂತ ಮುಂಚಿನ ಟೆಕ್ಸ್‌ಕೊಕೊ ಸರೋವರ ಬರೆದಿದ್ದಾರೆ. ಹಾಳೆ ಮುಚ್ಚಿದರೆ ಬೀದಿಗಳೆಲ್ಲ ನೀರೊಳಗೆ ಹೋಗಿ, ನಡುವೆ ಅಜ್ಟೆಕ್ ಜನರ ಟೆನೊಚ್ಟಿಟ್ಲಾನ್ ದ್ವೀಪ ಉಳಿಯುತ್ತದೆ. ಸ್ಪೇನಿನವರು ಆ ಊರನ್ನು ಗೆದ್ದು, ಅದರ ಮೇಲೇ ತಮ್ಮ ನಗರ ಕಟ್ಟಿದರು, ಆಮೇಲೆ ಶತಮಾನಗಳ ಕಾಲ ಸರೋವರದ ನೀರನ್ನು ಹೊರಗೆ ಹರಿಸಿದರು. ಉಳಿದದ್ದು ಮೆತ್ತನೆಯ ಜೇಡಿ. ಅದರಡಿಯ ನೀರನ್ನು ಕುಡಿಯಲು ಎತ್ತುತ್ತಾ ಹೋದಂತೆ ಜೇಡಿ ಕುಗ್ಗುತ್ತದೆ, ನಗರ ಕುಸಿಯುತ್ತದೆ, ಕೆಲವು ಕಡೆ ವರ್ಷಕ್ಕೆ 30 ಸೆಂ.ಮೀ.ಗಿಂತ ಜಾಸ್ತಿ. ಈಗಿನ ವಿಮಾನ ನಿಲ್ದಾಣ ಇರುವುದೂ ಹಳೆಯ ಸರೋವರದ ತಳದಲ್ಲೇ. ಇದನ್ನೆಲ್ಲ ಹತ್ತು ಪುಟ ಓದಿ ತಿಳಿಯುವುದಕ್ಕಿಂತ ಆ ಹಾಳೆಯನ್ನು ಒಮ್ಮೆ ಎತ್ತಿ ಇಳಿಸಿದರೆ ಮನಸ್ಸಿನಲ್ಲಿ ಕೂರುತ್ತದೆ.

ಇಸ್ತಾಂಬುಲ್ ಪುಟಕ್ಕೆ ಆ ಅದೃಷ್ಟ ಇಲ್ಲ. ಎರಡು ಪುಟ ಸೇರುವ ಮಡಿಕೆಯೊಳಗೆ ಸರಿಯಾಗಿ ಬಾಸ್ಫರಸ್ ಜಲಸಂಧಿಯೇ ಮುಚ್ಚಿಹೋಗಿದೆ. ಕಪ್ಪು ಸಮುದ್ರಕ್ಕೆ ಹೋಗುವ ಹಡಗುಗಳ ದಾರಿ ಅದು, 330ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ರಾಜಧಾನಿ ಮಾಡಿದ್ದಕ್ಕೂ 1453ರಲ್ಲಿ ಆಟೊಮನ್ನರು ಅದನ್ನು ಹಟ ಹಿಡಿದು ಗೆದ್ದುಕೊಂಡಿದ್ದಕ್ಕೂ ಆ ಜಾಗವೇ ದೊಡ್ಡ ಕಾರಣ ಅಲ್ವಾ? ಪುಸ್ತಕ ಬಲವಾಗಿ ಒತ್ತಿ ಹಿಡಿದರೆ ಮಾತ್ರ ನೀರು ಕಾಣುತ್ತದೆ.

ಕೊಳ್ಳುವ ಮುಂಚೆ ಕಜಕಿಸ್ತಾನದ ಪುಟ ತೆಗೆದು ನೋಡಿ. ರಾಜಧಾನಿ ನೂರ್-ಸುಲ್ತಾನ್ ಅಂತಿದ್ದರೆ ಅದು ಹಳೆಯ ಮುದ್ರಣ, 2022ರಲ್ಲಿ ಹೆಸರು ಮತ್ತೆ ಅಸ್ತಾನಾ ಆಗಿದೆ. ನನಗೆ ಬಂದದ್ದು ಹಳೆಯದೇ. ಆದರೂ ವಾಪಸ್ ಕಳಿಸಲಿಲ್ಲ, ಮೆಕ್ಸಿಕೊದ ಆ ಹಾಳೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ ಮಗಳು ಪೆನ್ಸಿಲ್‌ನಿಂದ ಒಂದೊಂದೇ ನಗರದ ವಿಸ್ತೀರ್ಣ ಬರೆಯುತ್ತಿದ್ದಾಳೆ. ನಿನ್ನೆ ಲಂಡನ್‌ವರೆಗೆ ಬಂದಿದ್ದಳು.